ಅಕ್ಕೋರು ಹಿಂಬದಿ ನೋಡಿದರು

ಧಾರವಾಡದ ಕಸೂತಿ ತರಗತಿಯೊಂದರಲ್ಲಿ ಹುಡುಗಿಯೊಬ್ಬಳು ಲ್ಯಾಪ್‌ಟಾಪಿನಲ್ಲಿ ತುಳಸಿಕಟ್ಟೆ ಬಿಡಿಸಿದ್ದಳು. ಅಗಲ 40 ಚೌಕ, ಎತ್ತರವೂ 40. ಅದನ್ನು ಇಳಕಲ್ ಸೆರಗಿಗೆ ಇಳಿಸಿದಾಗ ಕಟ್ಟೆ ಕುಳ್ಳಾಯಿತು. ಎಣಿಕೆ ತಪ್ಪಿರಲಿಲ್ಲ. ತೆರೆಯ ಮೇಲಿನ ಚೌಕ ನಾಲ್ಕೂ ಕಡೆ ಸಮ, ನೇಯ್ಗೆ ಹಾಗಿರಬೇಕಿಲ್ಲ. ಹಾಸು ಇಂಚಿಗೆ 80 ಎಳೆ, ಹೊಕ್ಕು 100 ಎಳೆ ಇದ್ದು, ಚೌಕಕ್ಕೆ ನಾಲ್ಕು ಎಳೆ ಹಿಡಿದರೆ, ಎರಡಿಂಚು ಅಗಲದ ಕಟ್ಟೆಯ ಎತ್ತರ 1.6 ಇಂಚಿಗೇ ನಿಲ್ಲುತ್ತದೆ.

ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಹಾಕುವ ರೂಢಿಯಿಲ್ಲ. ಎಳೆ ಎಣಿಸಿಯೇ ಹೊಲಿಯಬೇಕು. ಹಾಗಾಗಿ ಚೌಕಳಿಯ ತಂತ್ರಾಂಶ ಇದಕ್ಕೆಂದೇ ಹುಟ್ಟಿದಂತೆ ಕಾಣುತ್ತದೆ. ಮೆಂತಿ ಹೊಲಿಗೆಗೆ ಸರಿ, ಚೌಕಕ್ಕೊಂದು ಗುಣಾಕಾರದ ಗುರುತು. ಆದರೆ ಗವಂತಿ ಹೊಲಿಗೆ ಚೌಕ ತುಂಬುವುದಿಲ್ಲ, ಅದರ ಗೆರೆಗಳ ಮೇಲೋ ಮೂಲೆಯಿಂದ ಮೂಲೆಗೋ ಸಾಗುತ್ತದೆ. ಚೌಕಕ್ಕೆ ಬಣ್ಣ ತುಂಬುವ ತಂತ್ರಾಂಶದಲ್ಲಿ ಗೋಪುರದ ಓರೆಗೆರೆ ದಪ್ಪ ಮೆಟ್ಟಿಲಾಗಿಬಿಡುತ್ತದೆ. ಗೆರೆ ಎಳೆಯುವ ಇಂಕ್‌ಸ್ಕೇಪ್‌ನಂಥದ್ದೇ ಮೇಲು, ಪುಕ್ಕಟೆಯೂ ಹೌದು.

ಚಿತ್ರ ಬಿಡಿಸಲು ಯಾರಿಗಾದರೂ ಕಲಿಸಬಹುದು. ಗವಂತಿಯ ವಿದ್ಯೆ ಇರುವುದು ಸೂಜಿಯ ದಾರಿಯಲ್ಲಿ. ಗಂಟು ಹಾಕುವಂತಿಲ್ಲ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಮರಳುವಾಗ ಬಿಟ್ಟ ಜಾಗವನ್ನೆಲ್ಲ ತುಂಬಬೇಕು. ಕವಲು ಬಂದಲ್ಲಿ ಮೊದಲು ಕೊಂಬೆಗೆ ಹೋಗಿ ಬರುವುದೋ, ಮುಂದೆ ಸಾಗುವುದೋ? ಎಡವಿದರೆ ಹಿಂಬದಿಯಲ್ಲಿ ದಾರ ಜಿಗಿಯುತ್ತದೆ. ಹಳೆಯ ಕೈಗಳಿಗೆ ಇದು ಮಾತಿಲ್ಲದೆ ಗೊತ್ತು. ಕೇಳಿದರೆ ಹೇಳಲು ಬಾರದು, ಹೊಲಿದು ತೋರಿಸುತ್ತಾರೆ. ಇಲ್ಲಿ ಮಾತ್ರ ಕಂಪ್ಯೂಟರಿಗೆ ನನ್ನ ಪೂರ್ಣ ಓಟು. ಆ ತರಗತಿಯಲ್ಲಿ ಹೋಗುವ ದಾರಿಗೆ ಕೆಂಪು, ಮರಳುವ ದಾರಿಗೆ ನೀಲಿ, ಹೊಲಿಗೆ ಹೊಲಿಗೆಗೂ ಅಂಕಿ ಹಾಕಿಸುತ್ತಿದ್ದರು. ತೆರೆಯ ಮೇಲೆ ಹತ್ತು ಸಲ ಅಳಿಸಬಹುದು. ರೇಷ್ಮೆ ಸೆರಗಿನಲ್ಲಿ ಎರಡು ಸಲ ಬಿಚ್ಚಿದರೆ ಎಳೆ ಸರಿದು ಕಣ್ಣು ಬಿಡುತ್ತದೆ.

ಕಸೂತಿ ಕಲಿಸುವ ಅಕ್ಕೋರು ಆ ಹುಡುಗಿಯ ಲ್ಯಾಪ್‌ಟಾಪಿನತ್ತ ಒಮ್ಮೆ ನೋಡಿ, “ಚಿತ್ರ ಛಲೋ ಐತವ್ವ. ಬಟ್ಟಿ ಹಿಂದ ತಿರುವು, ನೋಡೂಣು” ಅಂದರು. ತಿರುವಿದಳು. ತುಳಸಿಕಟ್ಟೆಯ ಬುಡದಲ್ಲಿ ಒಂದೇ ಒಂದು ಕಡೆ ದಾರ ಜಿಗಿದಿತ್ತು. ಅಷ್ಟನ್ನೇ ಬಿಚ್ಚಿಸಿದರು, ಕುಳ್ಳಗಾದದ್ದರ ಮಾತೇ ಎತ್ತಲಿಲ್ಲ.

ಅಂಗಡಿಯವರು ‘ಕೈ ಕಸೂತಿ’ ಎಂದು ಸೀರೆ ಹರಡಿದರೆ ನೀವೂ ಸೆರಗು ತಿರುವಿ. ಗವಂತಿ ಹಿಂದೂ ಮುಂದೂ ಒಂದೇ. ಯಂತ್ರದ ಕಸೂತಿಯಲ್ಲಿ ಹಿಂದುಗಡೆ ಬಾಬಿನ್ ದಾರ, ಕೆಲವೊಮ್ಮೆ ಕಾಗದದ ಚೂರೂ ಕಾಣುತ್ತದೆ. ಮುಖ ಸಿಂಡರಿಸಿದರೂ ಪರವಾಗಿಲ್ಲ, ತಿರುವಿ ನೋಡಿಯೇ ದುಡ್ಡು ಕೊಡಿ.