ಪಾಡು ಹಾಡಾಗುವ ಬಗೆ

ದುಃಖವನ್ನು ಕುರಿತು ಬರೆದವರು ನಮ್ಮಲ್ಲಿ ಬಹಳ ಜನ. ಆದರೆ ದುಃಖವನ್ನೇ ಬರೆದು ಓದುವವನ ಎದೆಯಲ್ಲಿ ಕೃತಜ್ಞತೆಯನ್ನೂ ಆನಂದವನ್ನೂ ಮೂಡಿಸಿದವರು ವಿರಳ. ಅಂಥವರಲ್ಲಿ ಅಗ್ರಗಣ್ಯರು ಧಾರವಾಡದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು (೧೮೯೬-೧೯೮೧). ನೋವನ್ನು ನುಂಗಿ ನಲಿವನ್ನು ಹಾಡಿದ ಕವಿ ಎಂದು ಅವರನ್ನು ಕೊಂಡಾಡುವುದು ರೂಢಿಯಾಗಿಬಿಟ್ಟಿದೆ. ಅವರು ನಿಜವಾಗಿ ನೋವನ್ನು ನುಂಗಿದರೇ? ಅವರ ಕವಿತೆಗಳನ್ನೇ ಎದುರಿಗಿಟ್ಟುಕೊಂಡು ಇದನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಬಾಲ್ಯದಲ್ಲಿಯೇ ಅವರು ತಂದೆಯನ್ನು ಕಳೆದುಕೊಂಡರು. ಮುಂದೆ ಗೃಹಸ್ಥರಾದ ಮೇಲೆ ಮಕ್ಕಳ ಸಾವನ್ನು ಒಂದಲ್ಲ, ಹಲವು ಬಾರಿ ಕಂಡರು. ‘ನರಬಲಿ’ ಎಂಬ ಕವಿತೆಗಾಗಿ ೧೯೩೨ರಲ್ಲಿ ಬ್ರಿಟಿಷ್ ಸರಕಾರ ಅವರನ್ನು ಬೆಳಗಾವಿಯ ಹಿಂಡಲಗಿ ಸೆರೆಮನೆಗೆ ಕಳಿಸಿತು. ಅನಂತರ ಧಾರವಾಡದ ಸಮೀಪದ ಮುಗದ ಗ್ರಾಮದಲ್ಲಿ ನಿರ್ಬಂಧದಲ್ಲಿರಿಸಿತು. ಇದನ್ನೆಲ್ಲ ಹೇಳಿ, ಕಷ್ಟವೇ ಅವರನ್ನು ಕವಿಯನ್ನಾಗಿ ಮಾಡಿತೆಂದು ತೀರ್ಮಾನಿಸುವವರುಂಟು. ಅದು ಸರಿಯಲ್ಲ. ಆ ಕಾಲದಲ್ಲಿ ಎಳೆಯ ಮಕ್ಕಳನ್ನು ಮಣ್ಣಿಗಿಟ್ಟು ಬಂದ ತಾಯಿತಂದೆಗಳು ಊರೂರಿನಲ್ಲಿಯೂ ಇದ್ದರು. ದುಃಖ ಅವರೆಲ್ಲರಿಗೂ ಬಂದಿತ್ತು, ಹಾಡು ಬರಲಿಲ್ಲ. ಆದುದರಿಂದ ದುಃಖವನ್ನು ಕವಿಯ ಭಾಗ್ಯವೆಂದು ಹೊಗಳುವುದು ನೊಂದವರಿಗೆಲ್ಲ ಮಾಡುವ ಅಪಚಾರ.

ಹಾಗಾದರೆ ಹಾಡು ಎಲ್ಲಿಂದ ಬಂದಿತು? ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಕವಿತೆಯನ್ನು ಓದುಗರು ಬಲ್ಲರು. ಇಂಪಾದ ರಾಗದಲ್ಲಿ ಕೇಳಿ ಇದನ್ನು ಪ್ರಣಯಗೀತವೆಂದೇ ಬಗೆದವರು ಈಗಲೂ ಇದ್ದಾರೆ. ಇದು ಹುಟ್ಟಿದ್ದು ಮಗುವಿನ ಮರಣದ ಎದುರಿನಲ್ಲಿ. ಗಂಡ ಹೆಂಡತಿಗೆ ಹೇಳುವ ಮಾತು ಇದು. ಮನೆಯೊಳಗೆ ಆಡುವ ಧಾರವಾಡದ ಮಾತಿನಲ್ಲಿಯೇ ಇದೆ. ಇದರಲ್ಲಿ ಮಗುವಿನ ಹೆಸರಿಲ್ಲ, ರೋಗದ ವಿವರವಿಲ್ಲ, ದೇವರನ್ನು ದೂರುವ ದೊಡ್ಡ ಮಾತೂ ಇಲ್ಲ. ಇರುವುದು ಒಂದು ಮುಖ, ಆ ಮುಖದಲ್ಲಿ ಎರಡು ಕಣ್ಣು. ಆ ನೋಟವನ್ನು ತಾಳಲಾರದೆ ಗಂಡ ಮೊರೆಯಿಡುತ್ತಾನೆ. ತಾಂಬೂಲವಿಲ್ಲದೆಯೂ ಕೆಂಪಾಗಿದ್ದ ಅವಳ ತುಟಿಯ ಬಣ್ಣವೆಲ್ಲಿ ಹೋಯಿತೆಂದು ಕೇಳುತ್ತಾನೆ. ಹಗಲಿನ ಬಾನಿನಲ್ಲಿ ಕಳೆಗುಂದಿ ತೇಲುವ ಚಂದ್ರನಲ್ಲಿ ಅವನಿಗೆ ಶವ ಕಾಣುತ್ತದೆ. ಇಲ್ಲಿ ತುಸು ನಿಂತು ನೋಡಬೇಕು. ಹೆತ್ತವರ ನಾಲಗೆ ತಮ್ಮ ಕೂಸಿನ ವಿಷಯದಲ್ಲಿ ಆಡಲಾರದ ಶಬ್ದವನ್ನು ಕವಿ ಚಂದ್ರನ ಮೇಲಿಟ್ಟು ಆಡಿದ್ದಾರೆ. ಮಾತು ತಪ್ಪಿಸಿಕೊಂಡು ಹೋಗಲಿಲ್ಲ. ಹೇಳಬಹುದಾದ ದಾರಿಯನ್ನು ಹುಡುಕಿಕೊಂಡಿತು.

ಕವಿತೆಯ ಮುಕ್ತಾಯ ಇನ್ನೂ ಮುಖ್ಯವಾದುದು. ಇಂಥ ಪ್ರಸಂಗದಲ್ಲಿ ಸಾಮಾನ್ಯ ಕವಿ ಸಮಾಧಾನದ ಉಪದೇಶಕ್ಕೆ ತೊಡಗುತ್ತಿದ್ದನು. ಹುಟ್ಟಿದವರು ಸಾಯಲೇಬೇಕು, ಅಳಬೇಡ ಎನ್ನುತ್ತಿದ್ದನು. ಬೇಂದ್ರೆಯವರ ಗಂಡ ಇದಕ್ಕೆ ತೀರ ವಿರುದ್ಧವಾದುದನ್ನು ಹೇಳುತ್ತಾನೆ. ನಗೆಯಿಂದ ದುಃಖವನ್ನು ಮುಚ್ಚಬೇಡ, ತುಟಿ ಕಚ್ಚಿ ಬಿಕ್ಕನ್ನು ತಡೆಯಬೇಡ, ಅಳು ಹೊನಲಾಗಿ ಬರುವುದಾದರೆ ಬರಲಿ ಎನ್ನುತ್ತಾನೆ. ಹಾಗೆ ನೋಡಬೇಡವೆಂದು ಮೊದಲಾದ ಕವಿತೆ ಅತ್ತುಬಿಡೆಂಬ ಅನುಮತಿಯಲ್ಲಿ ನಿಲ್ಲುತ್ತದೆ. ಒಬ್ಬೊಬ್ಬರೇ ಅದುಮಿಟ್ಟುಕೊಂಡಿದ್ದ ದುಃಖ ಇಬ್ಬರದಾಯಿತು. ನೋವನ್ನು ನುಂಗಿದ ಕವಿ ಎಂಬ ಹೊಗಳಿಕೆ ಇಲ್ಲಿ ಸುಳ್ಳಾಗುತ್ತದೆ. ಅವರು ನುಂಗಲಿಲ್ಲ, ಹಂಚಿಕೊಂಡರು. ಕವಿತೆಯನ್ನು ಓದಿ ಮುಗಿಸಿದಾಗ ನಮ್ಮ ಕಣ್ಣು ಹನಿಗೂಡಿದ್ದರೂ ಎದೆ ಹಗುರಾಗಿರುವುದಕ್ಕೆ ಕಾರಣ ಇದೇ.

ಕನ್ನಡದಲ್ಲಿ ಪಾಡು ಎಂದರೆ ಬಂದೊದಗಿದ ಸ್ಥಿತಿ, ಪಟ್ಟ ಕಷ್ಟ. ಹಳಗನ್ನಡದಲ್ಲಿ ಹಾಡುವುದಕ್ಕೂ ಪಾಡು ಎಂದೇ ಹೆಸರು. ಪಕಾರವು ಹಕಾರವಾದ ಮೇಲೆ ಎರಡೂ ಬೇರೆಯಾದವು. ಬೇಂದ್ರೆಯವರು ಈ ಎರಡನ್ನೂ ಮತ್ತೆ ಒಂದೆಡೆ ತಂದು ರಸಿಕನಿಗೆ ಹೇಳಿದ ಪ್ರಸಿದ್ಧವಾದ ನುಡಿಯೊಂದುಂಟು. ಕಷ್ಟವನ್ನು ತಾವಿಟ್ಟುಕೊಂಡು ಅದರ ಹಾಡನ್ನು ಮಾತ್ರ ಅವನಿಗೆ ಕೊಡುವುದು ಅದರ ಮೊದಲಿನ ಭಾಗ. ಇದನ್ನು ಎಲ್ಲರೂ ಉದ್ಧರಿಸುತ್ತಾರೆ. ಅದರ ಉತ್ತರಾರ್ಧವನ್ನು ಮರೆಯುತ್ತಾರೆ: ಕೇಳಿದವನ ಎದೆ ಕರಗಿದರೆ ಆ ಸವಿಯನ್ನು ತನಗೂ ಉಣಿಸೆಂದು ಕವಿ ಬೇಡುತ್ತಾರೆ. ಕೊಟ್ಟವನು ಬೇಡುವವನೂ ಆದನು. ಹಾಡು ಮುಗಿದಾಕ್ಷಣ ಕವಿಗೆ ಆನಂದ ದೊರೆಯುವುದಿಲ್ಲ. ಕೇಳಿದವನ ಹೃದಯದಿಂದ ಅದು ತಿರುಗಿ ಬರಬೇಕು.

ಕೃತಜ್ಞತೆಯ ನೆಲೆಯೂ ಇಲ್ಲಿಯೇ ಇದೆ. ಅವರು ದುಃಖಕ್ಕೆ ಕೃತಜ್ಞರಾಗಿರಲಿಲ್ಲ. ದುಃಖದಲ್ಲಿ ಜೊತೆಗಿದ್ದವರಿಗೆ ಕೃತಜ್ಞರಾಗಿದ್ದರು. ೧೯೩೭ರಲ್ಲಿ ಬಂದ ‘ಸಖೀಗೀತ’ ದಾಂಪತ್ಯದ ಸುಖದುಃಖಗಳ ನೀಳ್ಗವಿತೆ; ಬಾಳಿನ ಭಾರವನ್ನು ಹೊತ್ತ ಸಹಧರ್ಮಿಣಿಯನ್ನು ಕವಿ ಅಲ್ಲಿ ಸಖಿಯೆಂದು ಕರೆದರು. ತಾಯಿ ಅಂಬಿಕೆಯ ಹೆಸರನ್ನು ಮುಂದಿರಿಸಿ ತಮ್ಮನ್ನು ಅಂಬಿಕಾತನಯದತ್ತ ಎಂದು ಕರೆದುಕೊಂಡರು. ಮತ್ತೊಂದು ಕವಿತೆಯಲ್ಲಿ ವಿಶ್ವ, ಭೂಮಿ, ಭಾರತ, ಕನ್ನಡ, ಹೆತ್ತವಳು ಎಂದು ಐವರು ತಾಯಂದಿರನ್ನು ಎಣಿಸಿದರು. ಇಷ್ಟೊಂದು ಕಳೆದುಕೊಂಡವರು ತಮಗೆ ದೊರೆತುದನ್ನು ಹೀಗೆ ಎಣಿಸುತ್ತ ಕುಳಿತರು.

ವಿಮರ್ಶಕನಾದವನು ಒಂದು ಕೊರತೆಯನ್ನೂ ಹೇಳಬೇಕು. ಉತ್ತರ ವಯಸ್ಸಿನ ಅವರ ಹಲವು ಕವಿತೆಗಳಲ್ಲಿ ಶ್ಲೇಷೆಯೂ ಸಂಖ್ಯಾಚಮತ್ಕಾರವೂ ಅನುಭವಕ್ಕಿಂತ ಮುಂದೆ ಓಡುತ್ತವೆ. ೧೯೬೪ರ ‘ನಾಕು ತಂತಿ’ಗೆ ೧೯೭೩ರ ಜ್ಞಾನಪೀಠ ಪ್ರಶಸ್ತಿ ಸಂದುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿಯೇ. ಆದರೂ ಮನೆಮಾತಿನ ಆ ಚಿಕ್ಕ ಕವಿತೆ ಕರಗಿಸುವಷ್ಟು ಎದೆಗಳನ್ನು ಅದರ ಗಹನತೆ ಕರಗಿಸಲಾರದು. ಅಲ್ಲಿ ಬುದ್ಧಿ ಬೆರಗಾಗುತ್ತದೆ. ಕಣ್ಣು ಒಣಗಿಯೇ ಇರುತ್ತದೆ.

ಪ್ರಿಯ ವಾಚಕರೇ, ಗತಿಸಿದ ಬಂಧುಗಳನ್ನೂ ಗುರುಗಳನ್ನೂ ನೆನೆದು ಲೇಖನ ಬರೆಯುವ ಪ್ರಸಂಗ ನಿಮ್ಮಲ್ಲಿ ಅನೇಕರಿಗೆ ಬರುತ್ತದೆ. ಆಗ ಅಜಾತಶತ್ರು, ಕರುಣಾಮಯಿ, ತುಂಬಲಾರದ ನಷ್ಟ ಎಂಬ ಸಿದ್ಧವಾದ ಮಾತುಗಳೇ ಲೇಖನಿಗೆ ಮೊದಲು ಒದಗುತ್ತವೆ. ಅವುಗಳನ್ನು ಬದಿಗಿರಿಸಿರಿ. ನೀವು ಕಣ್ಣಾರೆ ಕಂಡ ಒಂದು ಮುಖವನ್ನು, ಅದರ ಒಂದು ನೋಟವನ್ನು, ನಿಮ್ಮ ಮನೆಯ ಮಾತಿನಲ್ಲಿ ಬರೆಯಿರಿ. ಯಾರಿಗೆ ಹೇಳಬೇಕಾಗಿದೆಯೋ ಅವರನ್ನೇ ಎದುರಿಗೆ ಕಲ್ಪಿಸಿಕೊಂಡು ಬರೆಯಿರಿ. ಬರೆದುದನ್ನು ಪತ್ರಿಕೆಗೆ ಕಳಿಸುವ ಮೊದಲು ಅದೇ ದುಃಖವನ್ನು ನಿಮ್ಮೊಡನೆ ಉಂಡವರಿಗೆ ಓದಿ ತೋರಿಸಿರಿ. ಅವರು ಅತ್ತರೆ ತಡೆಯಬೇಡಿರಿ.