ಮೂವತ್ತು ಮಿಲಿಮೀಟರಿನ ಮರ್ಯಾದೆ

ನೀರಿನಿಂದ ತಂಪಾಗುವ ಕಂಪ್ಯೂಟರಿನ ಕೂಲಿಂಗ್ ವ್ಯವಸ್ಥೆಯಲ್ಲಿ ಸದ್ದು ಮಾಡುವ ಭಾಗಗಳು ಎರಡೇ: ಪಂಪು, ಮತ್ತು ರೇಡಿಯೇಟರಿಗೆ ಗಾಳಿ ಊದುವ ಫ್ಯಾನು. ರೇಡಿಯೇಟರ್ ಬಾಯಿಬಿಡುವುದಿಲ್ಲ, ಆದರೆ ಫ್ಯಾನು ಎಷ್ಟು ಜೋರಾಗಿ ತಿರುಗಬೇಕೆಂದು ನಿರ್ಧರಿಸುವುದು ಅದೇ. 27ರಿಂದ 30 ಮಿ.ಮೀ. ದಪ್ಪದ್ದು ತೆಳು, 45ರ ಆಸುಪಾಸಿನದು ಮಧ್ಯಮ, 60 ಮುಟ್ಟಿದ್ದು ದಪ್ಪ ಎಂಬ ವಿಂಗಡಣೆ ರೂಢಿಯಲ್ಲಿದೆ. ಜರ್ಮನಿಯ ಆಲ್ಫಾಕೂಲ್ ಕಂಪನಿಯ ಎಸ್‌ಟಿ30, ಎಕ್ಸ್‌ಟಿ45, ಯುಟಿ60 ಎಂಬ ಹೆಸರುಗಳು ದಪ್ಪವನ್ನೇ ಹೇಳುತ್ತವೆ. ಇವುಗಳಲ್ಲಿ ತೆಳುವಿಗೆ ಇರುವ ಹೆಸರು ಅಷ್ಟು ಒಳ್ಳೆಯದಲ್ಲ. ಕ್ಯಾಬಿನೆಟ್ಟಿನಲ್ಲಿ ಜಾಗ ಇಲ್ಲದವರು ಮಾಡಿಕೊಳ್ಳುವ ರಾಜಿ ಅದು, ಸದ್ದು ಬೇಡವೆಂದರೆ ದಪ್ಪವನ್ನೇ ಕೊಳ್ಳಬೇಕು ಎನ್ನುವುದು ಬಲವಾಗಿ ಬೇರೂರಿದ ಮಾತು. ಸದ್ದಿನ ಮಟ್ಟಿಗೆ ಈ ಮಾತು ತಲೆಕೆಳಗಾಗಿದೆ.

ಶಾಖ ಸಾಗಿಸುವುದು ಗಾಳಿ. ಪಂಪು ಸರಾಗವಾಗಿ ಓಡುತ್ತಿದ್ದರೆ ನೀರಿನ ಹರಿವು ಇಲ್ಲಿ ಅಡ್ಡಿಯೇ ಅಲ್ಲ. ಫ್ಯಾನು ನಿಮಿಷಕ್ಕೆ 700 ಸುತ್ತಿನ ಆಸುಪಾಸಿನಲ್ಲಿ ಮೆಲ್ಲಗೆ ತಿರುಗುವಾಗ ಗಾಳಿ ರೇಡಿಯೇಟರಿನ ಲೋಹದ ಪದರಗಳ, ಅಂದರೆ ಫಿನ್ನುಗಳ ನಡುವೆ ನಿಧಾನವಾಗಿ ಹಾಯುತ್ತದೆ. ಮೊದಲ 30 ಮಿ.ಮೀ. ದಾಟುವಷ್ಟರಲ್ಲಿ, ಗಾಳಿಗೂ ನೀರಿಗೂ ಇರುವ ಉಷ್ಣತೆಯ ಅಂತರದ ಮುಕ್ಕಾಲು ಪಾಲನ್ನು ಅದು ತುಂಬಿಕೊಂಡಿತು ಎಂದಿಟ್ಟುಕೊಳ್ಳಿ. ಅದರ ಹಿಂದೆ ಇನ್ನೊಂದು 30 ಮಿ.ಮೀ. ಸೇರಿಸಿದರೆ, ಉಳಿದ ಕಾಲು ಪಾಲಿನಲ್ಲಿ ಮುಕ್ಕಾಲು ಸಿಗುತ್ತದೆ. ಒಟ್ಟು ಶೇ 94. ಲೋಹ ಇಮ್ಮಡಿಯಾಯಿತು, ಲಾಭ ಕಾಲು ಪಾಲು. ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದ ಹಾಗೆ. ಅದೇ ಫ್ಯಾನು 2,000 ಸುತ್ತಿನಲ್ಲಿ ಭೋರ್ಗರೆಯುವಾಗ ಗಾಳಿಗೆ ನಿಂತು ಶಾಖ ತೆಗೆದುಕೊಳ್ಳಲು ಪುರಸೊತ್ತಿಲ್ಲ. ಮೊದಲ 30ರಲ್ಲಿ ಶೇ 40 ಮಾತ್ರ ತುಂಬಿತೆನ್ನಿ. ಆಗ ಎರಡನೆಯ 30 ಸೇರಿದರೆ ಶೇ 64 ಆಗುತ್ತದೆ, ಅಂದರೆ ಲಾಭ ಶೇ 60. ದಪ್ಪ ರೇಡಿಯೇಟರಿನ ಕೀರ್ತಿ ಹುಟ್ಟಿದ್ದು ಈ ಎರಡನೆಯ ಲೆಕ್ಕದಲ್ಲಿ. ಅದನ್ನು ಕೊಳ್ಳುವವರು ಮಾತ್ರ ಮೊದಲನೆಯ ಲೆಕ್ಕದಲ್ಲಿ ಬದುಕುವವರು.

ಆ ಮೊದಲನೆಯ ಲೆಕ್ಕವನ್ನು ಡಿಗ್ರಿಗೆ ಇಳಿಸಬಹುದು. ಮೂರು ಫ್ಯಾನು ಸಾಲಾಗಿ ಕೂರುವ ‘360’ರ ರೇಡಿಯೇಟರಿನಲ್ಲಿ ಮೂರೂ ಸೇರಿ ಗಂಟೆಗೆ 120 ಘನ ಮೀಟರ್ ಗಾಳಿ ಸಾಗಿಸಿದರೆ, ಬೆಂಗಳೂರಿನ ಗಾಳಿಯಲ್ಲಿ ಅದು ಪ್ರತಿ ಡಿಗ್ರಿಗೆ ಸುಮಾರು 35 ವಾಟ್ ಹೊರುತ್ತದೆ. ಊರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿ ಕಡಲತೀರಕ್ಕಿಂತ ಶೇ 9ರಷ್ಟು ತೆಳು. ಈ ಕಡಿತ ದಪ್ಪಕ್ಕೂ ತೆಳುವಿಗೂ ಒಂದೇ. 250 ವಾಟ್ ಶಾಖಕ್ಕೆ 30 ಮಿ.ಮೀ. ರೇಡಿಯೇಟರಿನಲ್ಲಿ ನೀರು ಕೋಣೆಗಿಂತ ಒಂಬತ್ತೂವರೆ ಡಿಗ್ರಿ ಮೇಲೆ ನಿಲ್ಲುತ್ತದೆ, 60ರಲ್ಲಿ ಏಳೂವರೆ. ದಪ್ಪವಾದದ್ದು ಗಾಳಿಯನ್ನು ಹೆಚ್ಚು ತಡೆಯುತ್ತದೆ ಎಂಬುದನ್ನು ಸೇರಿಸಿದರೆ ಈ ಎರಡು ಡಿಗ್ರಿಯೂ ಪೂರ್ತಿ ಕೈಗೆ ಸಿಗುವುದಿಲ್ಲ.

ಆ ತಡೆಯ ವಿಷಯವನ್ನು ಇನ್ನಷ್ಟು ಕೆದಕಬೇಕು, ಏಕೆಂದರೆ ತೆಳು ರೇಡಿಯೇಟರಿನ ಹೆಸರು ನಿಜವಾಗಿ ಕೆಟ್ಟಿದ್ದು ಇಲ್ಲೇ. ಫ್ಯಾನಿನ ವೇಗ ಅರ್ಧವಾದರೆ ಅದು ಕೊಡುವ ಒತ್ತಡ ಕಾಲು ಭಾಗಕ್ಕೆ ಕುಸಿಯುತ್ತದೆ. ಆದರೆ ಕಿರಿದಾದ ಫಿನ್ನುಗಳ ಸಂದಿನಲ್ಲಿ ನಿಧಾನವಾಗಿ ಹರಿಯುವ ಗಾಳಿಗೆ ಎದುರಾಗುವ ತಡೆ ಹೆಚ್ಚುಕಡಿಮೆ ವೇಗದ ಪ್ರಮಾಣದಲ್ಲಷ್ಟೇ ಇಳಿಯುತ್ತದೆ. ಒತ್ತಡ ಕಾಲು, ತಡೆ ಅರ್ಧ: ಗಾಳಿ ಹರಿವು ಅರ್ಧಕ್ಕಿಂತ ಕೆಳಗೆ ಬೀಳಲೇಬೇಕು. ಅಂಗುಲಕ್ಕೆ 20ಕ್ಕಿಂತ ಹೆಚ್ಚು ಫಿನ್ ತುಂಬಿದ ರೇಡಿಯೇಟರ್, ಮೆಲ್ಲಗಿನ ಫ್ಯಾನಿನ ಕೈಯಲ್ಲಿ ಉಸಿರುಗಟ್ಟುವುದು ಹೀಗೆ. ಸೀಲ್ ಮಾಡಿಕೊಂಡೇ ಬರುವ ಅಗ್ಗದ ಕಿಟ್ಟುಗಳಲ್ಲಿ ಸಾಮಾನ್ಯವಾಗಿ ಇರುವುದು 27 ಮಿ.ಮೀ.ನ, ಒತ್ತಾದ ಫಿನ್ನುಗಳ ಅಲ್ಯೂಮಿನಿಯಂ ರೇಡಿಯೇಟರ್, ಜೊತೆಗೆ ಕಿರುಚುವ ಫ್ಯಾನು. ಜನ ಕೇಳಿದ್ದು ಆ ಸದ್ದು, ಬೈದಿದ್ದು ತೆಳುತನವನ್ನು. ಅಂಗುಲಕ್ಕೆ 16ರ ಒಳಗೆ ಫಿನ್ ಇರುವ, ತಾಮ್ರದ 30 ಮಿ.ಮೀ. ರೇಡಿಯೇಟರಿಗೆ ಆ ಬೈಗುಳ ಸಲ್ಲುವುದಿಲ್ಲ.

ಇಲ್ಲಿ ವಿಮರ್ಶಕರ ಪಾಲೂ ಇದೆ. ವಿಡಿಯೊದಲ್ಲಿ ಕಿಟ್ಟು ಬಿಚ್ಚಿ ತೋರಿಸುವವರಲ್ಲಿ ಹೆಚ್ಚಿನವರು ಅಳೆಯುವುದು ಪ್ರೊಸೆಸರಿನ ಉಷ್ಣತೆಯನ್ನು. ಪ್ರೊಸೆಸರಿನ ಒಡಲಿಗೂ ನೀರಿಗೂ ನಡುವೆ ಥರ್ಮಲ್ ಪೇಸ್ಟು, ನೀರು ಹಾಯುವ ಬ್ಲಾಕು, ಮುಚ್ಚಳ ಎಲ್ಲ ಇವೆ. ಹೊರೆ ಬಿದ್ದಾಗ ಅಲ್ಲೇ ಹತ್ತಾರು ಡಿಗ್ರಿ ಏರುತ್ತದೆ, ಪೇಸ್ಟು ಹಚ್ಚುವ ಕೈ ಬದಲಾದರೂ ಸಂಖ್ಯೆ ಬದಲಾಗುತ್ತದೆ. ರೇಡಿಯೇಟರಿಗೆ ಅಂಕ ಕೊಡಲು ನೀರಿಗೂ ಕೋಣೆಯ ಗಾಳಿಗೂ ಇರುವ ಅಂತರ ಬೇಕು. ಅದನ್ನು ಅಳೆಯುವವರು ವಿರಳ. ಅಳೆದವರೂ ಫ್ಯಾನನ್ನು ಪೂರ್ತಿ ವೇಗಕ್ಕೆ ಏರಿಸಿ, ಎ.ಸಿ. ಹಾಕಿದ ಕೋಣೆಯಲ್ಲಿ ಕೂತು, ಕೊನೆಗೆ ‘ಸದ್ದಿಲ್ಲದ ಕಂಪ್ಯೂಟರಿಗೆ ದಪ್ಪವೇ ಸರಿ’ ಎಂದು ತೀರ್ಪು ಕೊಡುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಕೂತು ಉಪವಾಸದ ಬಗ್ಗೆ ಬರೆದಂತೆ ಇದು. ಇನ್ನು ಡೆಸಿಬೆಲ್ ಪಟ್ಟಿ. 35 ಡೆಸಿಬೆಲ್ಲಿನ ಗಾಳಿ ಸದ್ದು ಕಿವಿಗೆ ಹಿತ. ಅಷ್ಟೇ ಡೆಸಿಬೆಲ್ಲಿನ ಮೋಟಾರಿನ ಗುಂಯ್‌ಗುಡುವಿಕೆ ನಿದ್ದೆ ಕೆಡಿಸುತ್ತದೆ. ಪಟ್ಟಿಯಲ್ಲಿ ಇಬ್ಬರೂ ಸಮಾನರು!

ದಪ್ಪವೂ ಗೆಲ್ಲುವ ಜಾಗ ಒಂದಿದೆ. ಒಂದೋ ಎರಡೋ ಫ್ಯಾನಿನಷ್ಟೇ ಜಾಗ ಇದ್ದು, ಸದ್ದಾದರೂ ಪರವಾಗಿಲ್ಲ ಎನ್ನುವ ಕಡೆ 60 ಮಿ.ಮೀ. ತನ್ನ ಬೆಲೆ ತೀರಿಸುತ್ತದೆ. ಸದ್ದು ಬೇಡವಾದವರು ದಪ್ಪದ ಬದಲು ಉದ್ದ ಕೇಳಬೇಕು: ಎರಡು ಫ್ಯಾನಿನ 240ರ ದಪ್ಪಕ್ಕಿಂತ 360ರ ತೆಳು.

ಬೆಂಗಳೂರಿನ ಗಂಗಾನಗರದಂಥ ಬಡಾವಣೆಯನ್ನು ಇಟ್ಟುಕೊಂಡು ನೋಡಿದರೆ ತೆಳುವಿನ ಪಕ್ಷ ಇನ್ನೂ ಗಟ್ಟಿಯಾಗುತ್ತದೆ. ಬಳ್ಳಾರಿ ರಸ್ತೆಗೂ ಆರ್.ಟಿ. ನಗರಕ್ಕೂ ನಡುವಿನ ಈ ಬೀದಿಗಳಲ್ಲಿ ಮನೆಗೆ ಮನೆ ಒತ್ತಿಕೊಂಡಿದೆ. ಹಗಲೆಲ್ಲ ವಿಮಾನ ನಿಲ್ದಾಣದ ದಾರಿಯ ಗಾಡಿಗಳ ಸದ್ದು, ರಾತ್ರಿ ಹನ್ನೊಂದರ ಮೇಲೆ ನಿಶ್ಶಬ್ದ. ಏಪ್ರಿಲ್‌ನಲ್ಲಿ ಹೊರಗೆ 34 ಡಿಗ್ರಿ ಸಾಮಾನ್ಯ, 2016ರ ಏಪ್ರಿಲ್‌ನಲ್ಲಿ ನಗರ 39.2 ಡಿಗ್ರಿಯನ್ನೂ ಕಂಡಿದೆ. ಆಗ ಕಂಪ್ಯೂಟರಿನ ಫ್ಯಾನು ಜೋರಾಗಲೇಬೇಕು, ಆದರೆ ತಲೆಯ ಮೇಲೆ ಸೀಲಿಂಗ್ ಫ್ಯಾನು ಅದಕ್ಕಿಂತ ಜೋರಾಗಿ ತಿರುಗುತ್ತಿರುತ್ತದೆ, ಯಾರಿಗೂ ಕೇಳಿಸದು. ಜನವರಿಯಲ್ಲಿ ರಾತ್ರಿ 15–16 ಡಿಗ್ರಿಗೆ ಇಳಿದಾಗ ಸೀಲಿಂಗ್ ಫ್ಯಾನು ಆಫ್, ಪಿನ್ನು ಬಿದ್ದರೂ ಕೇಳಿಸುವ ಮೌನ. ಅದೇ ತಂಪಿನಿಂದಾಗಿ ರೇಡಿಯೇಟರಿನ ಫ್ಯಾನು ಕನಿಷ್ಠ ವೇಗಕ್ಕೆ ಇಳಿಯಬಹುದು. ಸದ್ದು ಕೇಳಿಸುವ ಕಾಲವೂ ತಂಪಿನ ಕಾಲವೂ ಈ ಊರಿನಲ್ಲಿ ಒಂದೇ. ದಪ್ಪವನ್ನು ಹೊಗಳಿದ ಯಾವ ಪಟ್ಟಿಯಲ್ಲೂ ಇದಕ್ಕೊಂದು ಕಾಲಂ ಇಲ್ಲ.

ಕೊಳ್ಳುವಾಗ ನೋಡಬೇಕಾದ್ದು ಅಳತೆ. ಎಸ್.ಪಿ. ರೋಡಿನ ಅಂಗಡಿಯಲ್ಲಿ ‘360 ಕೂರುತ್ತೆ ಸಾರ್’ ಎಂದರೆ ಅರ್ಥ ಮೂರು ಫ್ಯಾನು ಕೂರುತ್ತದೆ ಎಂದಷ್ಟೇ. ಎರಡೂ ತುದಿಯ ನೀರಿನ ತೊಟ್ಟಿ ಸೇರಿ ರೇಡಿಯೇಟರಿನ ಉದ್ದ 400 ಮಿ.ಮೀ. ಹತ್ತಿರ ಹೋಗುತ್ತದೆ. 30 ಮಿ.ಮೀ. ರೇಡಿಯೇಟರಿಗೆ 25ರ ಫ್ಯಾನು ಸೇರಿದರೆ 55. ಕ್ಯಾಬಿನೆಟ್ಟಿನ ಮೇಲ್ಛಾವಣಿಯಲ್ಲಿ ಇಷ್ಟು ಸಿಗದಿದ್ದರೆ ಕೆಲವರು 15 ಮಿ.ಮೀ. ಫ್ಯಾನಿಗೆ ಇಳಿಯುತ್ತಾರೆ, ತೆಳು ರೇಡಿಯೇಟರಿನಿಂದ ಗಳಿಸಿದ್ದನ್ನೆಲ್ಲ ತೆಳು ಫ್ಯಾನು ಕಳೆಯುತ್ತದೆ, ಅಷ್ಟೇ ಗಾಳಿ ಕೊಡಲು ಅದು ಹೆಚ್ಚು ವೇಗವಾಗಿ ತಿರುಗಬೇಕು. ಮೇಲ್ಛಾವಣಿಗಿಂತ ಮುಂಭಾಗವೇ ಮೇಲು. ಮೇಲೆ ಕೂತ ರೇಡಿಯೇಟರ್ ಗ್ರಾಫಿಕ್ಸ್ ಕಾರ್ಡು ಬಿಸಿ ಮಾಡಿದ ಗಾಳಿಯನ್ನೇ ಉಣ್ಣುತ್ತದೆ. ಆ ಗಾಳಿ ಕೋಣೆಗಿಂತ ಎಷ್ಟು ಡಿಗ್ರಿ ಹೆಚ್ಚು ಬಿಸಿಯೋ, ನೀರಿನ ಬಿಸಿಯೂ ಅಷ್ಟೇ ಡಿಗ್ರಿ ಏರುತ್ತದೆ. ದಪ್ಪದಿಂದ ಸಿಗುವ ಎರಡು ಡಿಗ್ರಿಗೆ ಹೊಡೆದಾಡುವವರು ಇಲ್ಲಿ ಅದಕ್ಕಿಂತ ಹೆಚ್ಚನ್ನು ಕಳೆದುಕೊಂಡಿರುತ್ತಾರೆ.

ಕೂರಿಸುವಾಗ ಹಾಳಾಗುವುದು ಹೆಚ್ಚಾಗಿ ಸ್ಕ್ರೂವಿನಿಂದ. 25 ಮಿ.ಮೀ. ಫ್ಯಾನಿಗೆ 30 ಮಿ.ಮೀ. ಸ್ಕ್ರೂ ಸರಿ. 35ರದ್ದು ಹಾಕಿ ತಿರುವಿದರೆ ತುದಿ ಹತ್ತು ಮಿಲಿಮೀಟರ್ ಒಳನುಗ್ಗಿ, ಕಾವಲು ತಗಡು ಇಲ್ಲದ ರೇಡಿಯೇಟರಿನಲ್ಲಿ ನೀರಿನ ಕೊಳವೆಯನ್ನೇ ಕೊರೆಯಬಹುದು. ಮೊದಲು ಬೆರಳಲ್ಲೇ ತಿರುವಿ ನೋಡುವುದು ಕ್ಷೇಮ. ಬಾಗಿದ ಫಿನ್ನನ್ನು ಎ.ಸಿ. ಮೆಕ್ಯಾನಿಕ್ಕುಗಳ ಬಾಚಣಿಗೆಯಿಂದ ನೇರ ಮಾಡಬಹುದು. ಹೊಸ ರೇಡಿಯೇಟರಿನ ಒಳಗೆ ಬೆಸುಗೆಯ ಕೊಳೆ ಉಳಿದಿರುತ್ತದೆ. ಬಿಸಿ ನೀರು ತುಂಬಿ ಕುಲುಕಿ ಚೆಲ್ಲಿ, ಕೊನೆಯಲ್ಲಿ ಡಿಸ್ಟಿಲ್ಡ್ ವಾಟರಿನಿಂದ ತೊಳೆಯಬೇಕು. ಬೋರ್‌ವೆಲ್ ನೀರಿನ ಸುಣ್ಣ ಬ್ಲಾಕಿನ ಕೂದಲೆಳೆಯಂಥ ಸೀಳುಗಳಲ್ಲಿ ಕಟ್ಟಿಕೊಳ್ಳುತ್ತದೆ, ಹಾಗಾಗಿ ಅದನ್ನು ಒಳಗೆ ಉಳಿಸುವಂತಿಲ್ಲ. ತಾಮ್ರದ ರೇಡಿಯೇಟರಿನ ಜೊತೆ ಅಲ್ಯೂಮಿನಿಯಂ ಭಾಗ ಬೆರೆಸಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಮುಂಭಾಗದಿಂದ ಗಾಳಿ ಎಳೆಯುವ ರೇಡಿಯೇಟರಿಗೆ ಬಳ್ಳಾರಿ ರಸ್ತೆಯ ಧೂಳು ಬೇಗ ಮೆತ್ತಿಕೊಳ್ಳುತ್ತದೆ. ಗಾಳಿ ಬರುವ ದಿಕ್ಕಿಗೆ ಎದುರಾಗಿ ಬ್ಲೋವರ್ ಹಿಡಿದರೆ 30 ಮಿ.ಮೀ.ನದ್ದು ಒಂದೇ ಸಲಕ್ಕೆ ಶುಚಿಯಾಗುತ್ತದೆ. 60ರದ್ದರ ನಡುವೆ ಸೇರಿದ ಧೂಳು ಅಲ್ಲೇ ಮನೆ ಮಾಡುತ್ತದೆ.

ಗಂಗಾನಗರದ ಕೋಣೆಗೆ ಬೇಕಾದ್ದು ವಿರಳ ಫಿನ್ನಿನ, ತಾಮ್ರದ, 30 ಮಿ.ಮೀ.ನ 360 ರೇಡಿಯೇಟರ್, ಅದರ ಮೇಲೆ 25 ಮಿ.ಮೀ.ನ ಮೂರು ಒಳ್ಳೆಯ ಫ್ಯಾನು. ಹೆಚ್ಚುವರಿ 30 ಮಿ.ಮೀ.ಗೆ ಸುರಿಯುವ ದುಡ್ಡು ಆ ಫ್ಯಾನುಗಳಿಗೆ ಹೋಗಬೇಕು.