ಒಂದೇ ಸ್ಪೀಕರ್ ಉಳಿದ ಕಾರು

ಸೀಟ್ ಬೆಲ್ಟ್ ಹಾಕಿಕೊಳ್ಳದೆ ಕೀಲಿ ತಿರುಗಿಸಿದರೆ ಕಾರು ಟಿಣ್ ಟಿಣ್ ಎಂದು ಎಚ್ಚರಿಸುತ್ತದಲ್ಲ, ಆ ಸದ್ದು ಹೊರಡಲಿಕ್ಕೂ ಒಂದು ಸ್ಪೀಕರ್ ಬೇಕು. 2014ರ ಶೆವರ್ಲೆ ಕಮಾರೋ ಝಡ್/28 ಕಾರನ್ನು ಹೆಚ್ಚುವರಿ ಏನನ್ನೂ ಕೇಳದೆ ಕೊಂಡವರಿಗೆ ಸಿಕ್ಕಿದ್ದು ಅದೊಂದೇ ಸ್ಪೀಕರ್. ಬೆಲ್ಟ್ ಎಚ್ಚರಿಕೆ ಕಡ್ಡಾಯ ಎಂದು ಕಾನೂನು ಹೇಳುತ್ತದೆ, ಅದಕ್ಕೆ ಉಳಿಸಿಕೊಂಡರು. ಇಲ್ಲದಿದ್ದರೆ ಅದನ್ನೂ ಕಿತ್ತಿಡುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಎಸಿ ಕೂಡ ಬೇಕೆಂದು ಕೇಳಿ, ಹಣ ಕೊಟ್ಟವರಿಗೆ ಮಾತ್ರ. ಇಂಥ ಕಾರಿನ ಆಗಿನ ಬೆಲೆ ಸುಮಾರು 75,000 ಡಾಲರ್.

ಅಷ್ಟು ದುಡ್ಡು ಕೊಟ್ಟು ಇಷ್ಟು ಕಡಿಮೆ ಪಡೆಯುವುದೇ ಎಂದು ಆಗ ಹಲವರು ಹುಬ್ಬೇರಿಸಿದರು. ನಾನು ಆ ಕಾರನ್ನು ಮೆಚ್ಚಿದ್ದು ಇದೇ ಕಾರಣಕ್ಕೆ. ಅಮೆರಿಕದ ಮಸಲ್ ಕಾರುಗಳ ಚರಿತ್ರೆಯಲ್ಲಿ ದೊಡ್ಡ ಎಂಜಿನ್ ಕೂರಿಸಿದವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಇದು ಯಾಕೆ ಬೇಕು ಎಂದು ಒಂದೊಂದು ಬಿಡಿಭಾಗವನ್ನೂ ಕೈಯಲ್ಲಿ ಹಿಡಿದು ಕೇಳಿದವರು ಬಹಳ ಕಡಿಮೆ.

ಅಲ್ ಓಪನ್‌ಹೈಸರ್ ಮುಖ್ಯ ಎಂಜಿನಿಯರ್ ಆಗಿದ್ದ ತಂಡಕ್ಕೆ ಸಿಕ್ಕಿದ ಕಚ್ಚಾ ಸಾಮಗ್ರಿ ಹಗುರವಾಗಿರಲಿಲ್ಲ. ಐದನೇ ಪೀಳಿಗೆಯ ಕಮಾರೋ ನಿಂತಿದ್ದು ಆಸ್ಟ್ರೇಲಿಯಾದ ಹೋಲ್ಡನ್ ಕಂಪನಿ ದೊಡ್ಡ ಸೆಡಾನ್‌ಗಳಿಗೆಂದು ರೂಪಿಸಿದ ತಳಪಾಯದ ಮೇಲೆ. ಮೂಳೆಯೇ ದಪ್ಪ. ಅದೇ ಸಾಲಿನಲ್ಲಿ ಅದಾಗಲೇ ಝಡ್‌ಎಲ್1 ಎಂಬ ಕಾರಿತ್ತು: ಸೂಪರ್‌ಚಾರ್ಜರ್ ಹೊತ್ತ 6.2 ಲೀಟರ್ ವಿ8, 580 ಅಶ್ವಶಕ್ತಿ, ತೂಕ ಸುಮಾರು 1,870 ಕಿಲೋ. ಟ್ರ್ಯಾಕಿಗೆಂದೇ ಒಂದು ಕಾರು ಮಾಡಿ ಎಂದರೆ ಯಾರಾದರೂ ಈ 580ನ್ನು 620ಕ್ಕೆ ಏರಿಸಿ, ಬಣ್ಣದ ಪಟ್ಟಿ ಬಳಿದು ಕೈ ತೊಳೆದುಕೊಳ್ಳಬಹುದಿತ್ತು. ಇವರು ಸೂಪರ್‌ಚಾರ್ಜರನ್ನೇ ಬಿಟ್ಟರು. ಅದರ ಜಾಗದಲ್ಲಿ ಕಾರ್ವೆಟ್ ಝಡ್06ರ ಏಳು ಲೀಟರಿನ ಎಲ್ಎಸ್7 ತಂದರು. ಟೈಟೇನಿಯಂ ಕನೆಕ್ಟಿಂಗ್ ರಾಡ್, ಟೈಟೇನಿಯಂ ಇನ್‌ಟೇಕ್ ವಾಲ್ವ್, ತಿರುವಿನಲ್ಲಿ ಆಯಿಲ್ ಒಂದು ಮೂಲೆಗೆ ನುಗ್ಗಿ ಎಂಜಿನ್ ಒಣಗದಂತೆ ಕಾಯುವ ಡ್ರೈ ಸಂಪ್. ಶಕ್ತಿ 505ಕ್ಕೆ ಇಳಿಯಿತು. ತೂಕ ಸುಮಾರು 1,730 ಕಿಲೋಗೆ ಇಳಿಯಿತು. ಎಪ್ಪತ್ತೈದು ಕುದುರೆಗಳನ್ನು ಲಾಯಕ್ಕೆ ಕಳಿಸಿ ಸುಮಾರು 140 ಕಿಲೋ ಭಾರ ಇಳಿಸಿದ ಲೆಕ್ಕ.

ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ, ಇಪ್ಪತ್ತು ಕಿಲೋಮೀಟರ್ ಮೀರಿದ ಆ ಕಾಡಿನ ಸುತ್ತಿನಲ್ಲಿ, ಝಡ್‌ಎಲ್1 ತೆಗೆದುಕೊಂಡ ಸಮಯ 7 ನಿಮಿಷ 41.27 ಸೆಕೆಂಡ್. 2013ರ ಅಕ್ಟೋಬರಿನಲ್ಲಿ ಝಡ್/28 ಅದೇ ಸುತ್ತನ್ನು 7 ನಿಮಿಷ 37.47 ಸೆಕೆಂಡಿನಲ್ಲಿ ಮುಗಿಸಿತು, ಅದೂ ಟ್ರ್ಯಾಕ್ ಅಲ್ಲಲ್ಲಿ ಒದ್ದೆಯಿದ್ದಾಗ. ಶಕ್ತಿ ಕಡಿಮೆಯಿದ್ದ ಕಾರು ಸುಮಾರು ನಾಲ್ಕು ಸೆಕೆಂಡ್ ಮೊದಲು ಬಂತು.

ಯಾಕೆ ಹೀಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಶ್ವಶಕ್ತಿ ಕೆಲಸಕ್ಕೆ ಬರುವುದು ನೇರ ದಾರಿಯಲ್ಲಿ, ಆಕ್ಸಿಲರೇಟರ್ ತುಳಿದಿರುವಷ್ಟು ಹೊತ್ತು. ತೂಕ ಹಾಗಲ್ಲ, ವೇಗ ಹೆಚ್ಚಿಸುವಾಗಲೂ ಅದನ್ನು ತಳ್ಳಬೇಕು, ಬ್ರೇಕ್ ಹಾಕುವಾಗಲೂ ಹಿಡಿದೆಳೆಯಬೇಕು, ತಿರುವಿನಲ್ಲಿ ಹೊರಗೆ ಜಾರದಂತೆ ತಡೆಯಬೇಕು. ಇನ್ನು ಟೈರಿಗೂ ಒಂದು ಸ್ವಭಾವವಿದೆ. ಅದರ ಮೇಲೆ ಎರಡರಷ್ಟು ಭಾರ ಹೇರಿದರೆ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಆಗುತ್ತದೆ. ಹಾಗಾಗಿ ಭಾರದ ಕಾರು ಪ್ರತಿ ತಿರುವಿನಲ್ಲೂ ನಷ್ಟದ ವ್ಯಾಪಾರ ಮಾಡುತ್ತಿರುತ್ತದೆ. ಬ್ರೇಕ್ ಡಿಸ್ಕುಗಳು ನುಂಗಬೇಕಾದ ಶಾಖವೂ ತೂಕದ ಲೆಕ್ಕದಲ್ಲೇ ಏರುತ್ತದೆ. ಸೂಪರ್‌ಚಾರ್ಜರ್ ಬೇರೆ ತನ್ನದೇ ಶಾಖ ಸೇರಿಸುತ್ತದೆ. ಅದನ್ನು ತಣಿಸಲು ಇನ್ನೊಂದು ವ್ಯವಸ್ಥೆ, ಅದರ ತೂಕ, ಅದೆಲ್ಲವೂ ಕಾರಿನ ಮೂತಿಯ ಮೇಲೆ. ಒಂದನ್ನು ಕಿತ್ತರೆ ಅದನ್ನು ಸಾಕಲಿಕ್ಕೆಂದೇ ಇದ್ದ ಇನ್ನೊಂದೂ ಬೇಡವಾಗುತ್ತದೆ. ಲೆಕ್ಕ ಹೇಗೆ ಬೆಳೆಯುತ್ತದೋ ಹಾಗೇ ಕರಗಲೂ ಗೊತ್ತು ಅದಕ್ಕೆ.

ಆ ತಂಡ ಏನೇನು ಕಿತ್ತಿತು ಎಂಬುದನ್ನು ಓದುವುದೇ ನನಗೊಂದು ಸುಖ. ಹಿಂದಿನ ಗಾಜು 3.5 ಮಿಲಿಮೀಟರ್ ದಪ್ಪವಿತ್ತು, ಅದನ್ನು 3.2ಕ್ಕೆ ಇಳಿಸಿದರು. ಇಳಿದದ್ದು 400 ಗ್ರಾಂ, ಒಂದು ಹಿಡಿ ಈರುಳ್ಳಿಯ ತೂಕ. ಫಾಗ್ ಲ್ಯಾಂಪ್ ತೆಗೆದರು. ಝೀನಾನ್ ದೀಪಗಳ ಬದಲು ಸಾದಾ ಹೆಡ್‌ಲೈಟ್ ಹಾಕಿದರು. ಚಿಕ್ಕ ಬ್ಯಾಟರಿ. ಹಿಂದಿನ ಸೀಟನ್ನು ಉಳಿಸಿಕೊಂಡರೂ ಅದರೊಳಗಿನ ಗಟ್ಟಿ ಚೌಕಟ್ಟಿನ ಬದಲು ದಟ್ಟ ಫೋಮ್ ತುಂಬಿ ನಾಲ್ಕು ಕಿಲೋ ಉಳಿಸಿದರು. ಸದ್ದು ತಡೆಯುವ ಹೊದಿಕೆಯಲ್ಲಿ ಬಹುಪಾಲು ಹೋಯಿತು. ಪಂಕ್ಚರ್ ಆದಾಗ ಗಾಳಿ ತುಂಬುವ ಕಿಟ್ ಕೂಡ ಹೋಯಿತು. ಅದು ಇರಲೇಬೇಕೆಂದು ಕಾನೂನು ಮಾಡಿದ್ದ ರೋಡ್ ಐಲೆಂಡ್ ಮತ್ತು ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಲ್ಲಿ ಮಾತ್ರ ಕೊಟ್ಟರು. ಒಂದು ಭಾರೀ ಕಂಪನಿಯೊಳಗೆ, ಹತ್ತಾರು ವಿಭಾಗಗಳ ಒಪ್ಪಿಗೆ ಪಡೆದು, ಐವತ್ತು ರಾಜ್ಯಗಳಲ್ಲಿ ಎರಡಕ್ಕಷ್ಟೇ ಬೇರೆ ಪಟ್ಟಿ ಮಾಡಿಕೊಳ್ಳುವ ತಾಪತ್ರಯವನ್ನು ಒಂದು ಕಿಟ್‌ಗಾಗಿ ಮೈಮೇಲೆ ಎಳೆದುಕೊಂಡರಲ್ಲ, ಆ ಹಟಕ್ಕೆ ನಾನು ತಲೆಬಾಗುತ್ತೇನೆ.

ಬರೀ ಕಿತ್ತರೆ ಕಾರು ಆಗುವುದಿಲ್ಲ. ಉಳಿಸಿದ ಭಾರವನ್ನು, ಉಳಿಸಿದ ದುಡ್ಡನ್ನು ಎಲ್ಲಿ ಹಾಕಿದರು ಎಂಬುದರಲ್ಲಿ ನಿಜವಾದ ಜಾಣ್ಮೆ ಇದೆ. ಚಕ್ರಗಳು ಇಪ್ಪತ್ತು ಇಂಚಿನಿಂದ ಹತ್ತೊಂಬತ್ತಕ್ಕೆ ಇಳಿದವು. ಷೋರೂಮಿನಲ್ಲಿ ದೊಡ್ಡ ಚಕ್ರವೇ ಚೆಂದ ಕಾಣುತ್ತದೆ, ಮಾರಾಟ ವಿಭಾಗಕ್ಕೆ ಅದೇ ಇಷ್ಟ. ಆದರೆ ಫೋರ್ಜ್ ಮಾಡಿದ ಆ ಚಿಕ್ಕ ಅಲ್ಯೂಮಿನಿಯಂ ಚಕ್ರ ಮತ್ತು ಟೈರುಗಳಿಂದಲೇ ಹತ್ತೊಂಬತ್ತು ಕಿಲೋ ಇಳಿಯಿತು. ಬ್ರೆಂಬೋ ಕಾರ್ಬನ್ ಸೆರಾಮಿಕ್ ಬ್ರೇಕಿನಿಂದ ಇನ್ನೂ ಹನ್ನೆರಡು ಕಿಲೋ. ಮುಂದಿನ ಡಿಸ್ಕಿನ ವ್ಯಾಸ 394 ಮಿಲಿಮೀಟರ್, ನಮ್ಮ ಮನೆಯ ದೊಡ್ಡ ರೊಟ್ಟಿ ಹೆಂಚಿಗಿಂತ ಅಗಲ. ಸ್ಪ್ರಿಂಗಿನ ಕೆಳಗೆ ಇರುವ ಇಂಥ ಭಾರ ಇಳಿಸುವುದು ಚಾಲಕನ ಕೈಗೆ ನೇರವಾಗಿ ತಿಳಿಯುತ್ತದೆ. ರಸ್ತೆಯ ಏರುಪೇರಿಗೆ ಚಕ್ರ ಕುಪ್ಪಳಿಸಿದಾಗ ಅದನ್ನು ಬೇಗ ನೆಲಕ್ಕೆ ಮರಳಿಸಬಹುದು, ನೆಲಕ್ಕಂಟಿದ ಟೈರು ಮಾತ್ರ ಕಾರನ್ನು ತಿರುಗಿಸಬಲ್ಲದು.

ಡ್ಯಾಂಪರ್‌ಗಳು, ಅಂದರೆ ಶಾಕ್ ಅಬ್ಸಾರ್ಬರುಗಳು, ಕೆನಡಾದ ಮಲ್ಟಿಮ್ಯಾಟಿಕ್ ಕಂಪನಿಯವು. ಸಾಮಾನ್ಯ ಶಾಕ್ ಅಬ್ಸಾರ್ಬರಿನಲ್ಲಿ ಆಯಿಲ್ ಹರಿವನ್ನು ತೆಳು ಬಿಲ್ಲೆಗಳು ಬಾಗಿ ನಿಯಂತ್ರಿಸುತ್ತವೆ. ಬಿಲ್ಲೆ ಹೇಗೆ ಬಾಗೀತು, ಬಿಸಿಯಾದ ಮೇಲೆ ಆಯಿಲ್ ಎಷ್ಟು ತೆಳುವಾದೀತು ಎಂಬುದನ್ನು ಕರಾರುವಾಕ್ಕಾಗಿ ಮೊದಲೇ ಹೇಳುವುದು ಕಷ್ಟ. ಮಲ್ಟಿಮ್ಯಾಟಿಕ್‌ನವರು ಒಂದು ಕೊಳವೆಯ ಗೋಡೆಯಲ್ಲಿ ಲೆಕ್ಕ ಹಾಕಿದ ಆಕಾರದ ಕಿಂಡಿ ಕೊರೆದು, ಜಾರುವ ಸ್ಪೂಲ್ ಒಂದು ಅದನ್ನು ತೆರೆದು ಮುಚ್ಚುವಂತೆ ಮಾಡಿದರು. ಕಿಂಡಿಯ ಆಕಾರವೇ ಡ್ಯಾಂಪರಿನ ಗುಣ. ಫಾರ್ಮುಲಾ ಒನ್ ಕಾರುಗಳಲ್ಲಿ ಪಳಗಿದ ವಿದ್ಯೆ ಇದು. ಮೊದಲ ಸುತ್ತಿನಲ್ಲಿ ಹೇಗೋ ಇಪ್ಪತ್ತನೇ ಸುತ್ತಿನಲ್ಲೂ ಹಾಗೇ. ಈ ಕಾರಿನಲ್ಲಿ ದುಡ್ಡು ಹೋದದ್ದು ಹೀಗೆ, ಕಣ್ಣಿಗೆ ಬೀಳದ ಜಾಗಗಳಿಗೆ.

ನಾಲ್ಕೂ ಟೈರುಗಳು ಪಿರೆಲ್ಲಿ ಟ್ರೊಫಿಯೊ ಆರ್, ಮುಂದೆ ಹಿಂದೆ ಎರಡೂ 305 ಮಿಲಿಮೀಟರ್ ಅಗಲ. ಅವುಗಳ ಅಂಟು ಎಷ್ಟೆಂದರೆ, ಪರೀಕ್ಷೆಯ ವೇಳೆ ಜೋರಾಗಿ ಬ್ರೇಕ್ ಹಾಕಿದಾಗ, ತಿರುವಿನಿಂದ ಹೊರಬರುವಾಗ, ಟೈರು ರಸ್ತೆಯ ಮೇಲೆ ಜಾರುವ ಬದಲು ರಿಮ್ಮೇ ಟೈರಿನೊಳಗೆ ತಿರುಗಿಬಿಡುತ್ತಿತ್ತು. ರಸ್ತೆಗೂ ರಬ್ಬರಿಗೂ ಇದ್ದ ನಂಟಿಗಿಂತ ರಬ್ಬರಿಗೂ ಲೋಹಕ್ಕೂ ಇದ್ದ ನಂಟು ಸಡಿಲ! ಕೊನೆಗೆ ಟೈರಿನ ಅಂಚು ಕೂರುವ ಜಾಗದಲ್ಲಿ ರಿಮ್ಮಿನ ಮೈಗೆ ಕಣ ಊದಿ ಒರಟು ಮಾಡಿ ಟೈರನ್ನು ಹಿಡಿಸಿದರು. ಮುಂದಿನ ಶೆವರ್ಲೆ ಲಾಂಛನದ್ದೂ ಇಂಥದೇ ಕಥೆ. ಗಾಳಿ ಒಳಬರುವ ಜಾಲರಿಗೆ ಅದು ಅಡ್ಡವಿದೆ ಎಂದು ಮಧ್ಯಭಾಗವನ್ನು ಕತ್ತರಿಸಿ ಬರೀ ಅಂಚು ಉಳಿಸಿದರು. ಎಂಜಿನ್ನಿನ ತಾಪ ಒಂದು ಡಿಗ್ರಿಗಿಂತ ತುಸು ಹೆಚ್ಚೇ ಇಳಿಯಿತು. ಕಂಪನಿಯ ಲಾಂಛನಕ್ಕೆ ತೂತು ಹಾಕಲು ಒಪ್ಪಿಸಿದವರು ಯಾರೋ, ಅವರ ಮಾತಿನ ಬಲ ದೊಡ್ಡದಿರಬೇಕು.

ಝಡ್/28 ಹೆಸರಿನ ಮೂಲ ಪುರುಷನಾದ ಮೊದಲ ಕಾರಿಗೂ ಈ ಗುಣವಿತ್ತು. 1967ರ ಮಾದರಿಗಾಗಿ ಶೆವರ್ಲೆಯ ವಿನ್ಸ್ ಪಿಗಿನ್ಸ್, ಟ್ರಾನ್ಸ್-ಆಮ್ ರೇಸಿನ ಐದು ಲೀಟರ್ ಮಿತಿಯೊಳಗೆ ನಿಲ್ಲುವ ಕಮಾರೋ ಬೇಕೆಂದು ಹಟ ಹಿಡಿದರು. 327 ಘನ ಇಂಚಿನ ಎಂಜಿನ್ ಬ್ಲಾಕಿಗೆ 283ರ ಕ್ರ್ಯಾಂಕ್ ಕೂರಿಸಿದಾಗ 302 ಹುಟ್ಟಿತು. ಝಡ್28 ಎಂಬುದು ಆರ್ಡರ್ ಫಾರಂನ ಒಂದು ಸಂಕೇತ, ಅಷ್ಟೇ. ಅದನ್ನು ಬರೆಸಿದರೆ ಎಸಿ ಸಿಗದು, ಆಟೋಮ್ಯಾಟಿಕ್ ಗೇರ್ ಸಿಗದು. ಆ ವರ್ಷದ ಮಾದರಿಯಲ್ಲಿ ತಯಾರಾದವು 602 ಕಾರು. ರೋಜರ್ ಪೆನ್ಸ್ಕೆ ಅವರ ತಂಡಕ್ಕಾಗಿ ಮಾರ್ಕ್ ಡೊನಹ್ಯೂ ಓಡಿಸಿದ ಕಮಾರೋದ ಉಕ್ಕಿನ ಮೈಯನ್ನು ಆಮ್ಲದ ತೊಟ್ಟಿಯಲ್ಲಿ ಅದ್ದಿ ತೆಳುವಾಗಿಸಿದ್ದರು. ತಗಡು ಎಷ್ಟು ತೆಳುವಾಯಿತೆಂದರೆ ಛಾವಣಿಯಲ್ಲಿ ಸುಕ್ಕು ಬಿತ್ತು, ಅದನ್ನು ಮರೆಮಾಚಲು ವಿನೈಲ್ ಹೊದಿಕೆ ಹಾಕಿದರು. ಅದು ನಿಯಮದ ಕಣ್ಣಿಗೆ ಮಣ್ಣೆರಚಿದ ಕೆಲಸ, ಅದನ್ನು ಹೊಗಳಲಾರೆ. 1968 ಮತ್ತು 1969ರ ಚಾಂಪಿಯನ್ ಪಟ್ಟಗಳು ಡೊನಹ್ಯೂ ಕಮಾರೋಗೆ ತಂದದ್ದು ಮಾತ್ರ ಚರಿತ್ರೆ.

2014ರ ಝಡ್/28 ಬಂದ ಮೇಲೆ ಫೋರ್ಡ್ ಸುಮ್ಮನಿರಲಿಲ್ಲ. ಅವರ ಶೆಲ್ಬಿ ಜಿಟಿ350ಆರ್ ಹಿಂದಿನ ಸೀಟು, ಎಸಿ, ಸ್ಟೀರಿಯೊ, ರಿವರ್ಸ್ ಕ್ಯಾಮೆರಾ ಎಲ್ಲ ತೆಗೆದು ಬಂತು. ಅದರ ಕಾರ್ಬನ್ ಫೈಬರ್ ಚಕ್ರ ಒಂದೊಂದೂ ಸುಮಾರು ಎಂಟು ಕಿಲೋ. ಅದೇ ಅಳತೆಯ ಅಲ್ಯೂಮಿನಿಯಂ ಚಕ್ರ ಹದಿನೈದು. ಅದರ ಎಂಜಿನ್ 8,250 ಸುತ್ತಿನವರೆಗೆ ಕೂಗುವಾಗ ಮೈ ಜುಮ್ಮೆನ್ನುತ್ತದೆ. ಎಂಜಿನ್ನಿಗೆ, ಚಕ್ರಕ್ಕೆ ಅಂಕ ಕೊಡಿ ಎಂದರೆ ಫೋರ್ಡಿಗೇ ಕೊಡುತ್ತೇನೆ. ಆದರೂ ಒಟ್ಟು ಕಾರಾಗಿ ನನ್ನ ಮನಸ್ಸು ಝಡ್/28 ಕಡೆಗೇ ವಾಲುತ್ತದೆ. ಭಾರದ ಮೂಳೆಯಿಂದ ಹೊರಟು ಅಷ್ಟು ದೂರ ನಡೆದದ್ದು ಅದು.

ಒಂದು ಆಗಸ್ಟಿನಲ್ಲಿ ಮಿಷಿಗನ್‌ನ ಟ್ರಾಯ್‌ನಲ್ಲಿರುವ ಅಕ್ಕನ ಮಗನ ಮನೆಗೆ ಹೋಗಿದ್ದೆ. ಅವನೂ ವಾಹನ ಉದ್ಯಮದ ಎಂಜಿನಿಯರು, ಅಲ್ಲಿರುವ ಎಷ್ಟೋ ಕನ್ನಡಿಗರ ಹಾಗೆ. ಪ್ರತಿ ವರ್ಷ ಆ ತಿಂಗಳಲ್ಲಿ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೆಯ ಹೊಸ ಕಾರುಗಳ ಜಾತ್ರೆ ನಡೆಯುತ್ತದೆ. ಜನ ರಸ್ತೆಯಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅಲ್ಲಿ ಕಪ್ಪು ಬಣ್ಣದ ಒಂದು ಝಡ್/28 ಕಣ್ಣಿಗೆ ಬಿತ್ತು. ನಾನು ಅದರ ಸುತ್ತ ಮೂರು ಸಲ ತಿರುಗಿದ್ದನ್ನು ನೋಡಿ ಮಾಲೀಕರೇ ಎದ್ದು ಬಂದರು. ಎಪ್ಪತ್ತು ದಾಟಿದ ಹಿರಿಯರು. ಡಿಕ್ಕಿ ತೆರೆದು ತೋರಿಸಿದರು. ಕಾರ್ಪೆಟ್ ಇಲ್ಲ, ಬಣ್ಣ ಬಳಿದ ಬರೀ ತಗಡು, ಅದರ ಮೇಲೆ ಬೆಸುಗೆಯ ಚುಕ್ಕಿಗಳು ಸಾಲಾಗಿ ಬಿಸಿಲಿಗೆ ಕಾಣುತ್ತಿದ್ದವು. ಬೆರಳಿನಿಂದ ತಟ್ಟಿದೆ. ಖಾಲಿ ಡಬ್ಬಿಯ ಸದ್ದು.

“ಮಾವ, ಒಳಗೆ ಕೂತ್ಕೊಳ್ಳಿ ಅಂತಿದ್ದಾರೆ” ಎಂದ ಹುಡುಗ.

ಕೂತೆ. ಸೀಟನ್ನು ಕೈಯಿಂದಲೇ ಸರಿಸಬೇಕು, ಮೋಟಾರ್ ಇಲ್ಲ. ಗೇರ್ ಲಿವರ್ ಅಂಗೈಗೆ ತಾನಾಗಿ ಬಂತು. ಈ ಕಾರು ಸಿಗುತ್ತಿದ್ದುದು ಆರು ಗೇರಿನ ಮ್ಯಾನ್ಯುಯಲ್‌ನಲ್ಲಿ ಮಾತ್ರ. ಅವರು ಕಿಟಕಿಯಿಂದ ಬಾಗಿ ಕೀಲಿ ತಿರುಗಿಸಿದರು. ಟಿಣ್, ಟಿಣ್, ಟಿಣ್. ಅದೇ ಸ್ಪೀಕರ್.

ಮಳೆಯಲ್ಲಿ ಹೇಗೆ ಎಂದು ಕೇಳಿದೆ. ಈ ಟೈರಿನಲ್ಲಿ ಮಳೆ ಬಂದರೆ ಹೊರಗೆ ತೆಗೆಯುವುದಿಲ್ಲ ಎಂದರು. ಎಸಿ? ಹಾಕಿಸಿಲ್ಲ. ಹಾಡು ಬೇಡವೇ ಎಂದು ಹುಡುಗ ಕೇಳಿದ್ದಕ್ಕೆ ಉತ್ತರ ಕೊಡದೆ, ಇಳಿದು ಪಕ್ಕಕ್ಕೆ ನಿಲ್ಲಿ ಎಂದು ಕೈಸನ್ನೆ ಮಾಡಿದರು. ತಾವು ಕೂತು ಬೆಲ್ಟ್ ಎಳೆದು ಸಿಕ್ಕಿಸಿದರು, ಟಿಣ್ ಟಿಣ್ ನಿಂತಿತು. ಎಂಜಿನ್ ಹೊತ್ತಿಕೊಂಡಾಗ ಎದೆಗೂಡಿನೊಳಗೆ ಏನೋ ಅದುರಿತು. ಕಾರು ನಿಧಾನವಾಗಿ ರಸ್ತೆಗಿಳಿಯಿತು. ಬಿಸಿಲಿಗೆ ಮೆತ್ತಗಾಗಿದ್ದ ಟೈರುಗಳು ಅಂಚಿನ ಕಲ್ಲುಚೂರುಗಳನ್ನು ಅಂಟಿಸಿಕೊಂಡು ಮೇಲೆತ್ತಿ ಚಕ್ರದ ಗೂಡಿಗೆ ಎಸೆಯುತ್ತಿದ್ದವು. ಸದ್ದು ತಡೆಯುವ ಹೊದಿಕೆ ಇಲ್ಲದ ಆ ತಗಡಿನ ಮೇಲೆ ಅವು ಪಟಪಟ ಸಿಡಿಯುವುದು ಹತ್ತು ಮಾರು ದೂರದವರೆಗೂ ಕೇಳಿಸುತ್ತಿತ್ತು.